ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಕುರ್ಚಿ ಖಾಲಿಯಾದದ್ದು ಹೇಗೆ?

ಕರ್ನಾಟಕದ ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ವಹಿಸಲಾಯಿತು. ಆಮೇಲೆ ಮೀಸಲಾತಿ ಪಟ್ಟಿ, ನ್ಯಾಯಾಲಯದ ವಾಯಿದೆ ಎನ್ನುತ್ತ ವರ್ಷಗಳು ಉರುಳಿದವು. ಸರ್ಕಾರಗಳು ಬದಲಾದವು, ಚುನಾಯಿತರ ಜಾಗದಲ್ಲಿ ಕೂತ ಆಡಳಿತಾಧಿಕಾರಿಗಳು ಉಳಿದರು. ಒಂದು ಕಾಲದಲ್ಲಿ ಅಧಿಕಾರ ವಿಕೇಂದ್ರೀಕರಣಕ್ಕೆ ದೇಶವೇ ಈ ರಾಜ್ಯದತ್ತ ನೋಡುತ್ತಿತ್ತು ಎಂದರೆ ಇಂದಿನ ಯುವಕರು ನಂಬುವುದು ಕಷ್ಟ.

1959ರ ಮೈಸೂರು ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಗಳಿದ್ದವು, ತಾಲ್ಲೂಕು ಬೋರ್ಡುಗಳಿದ್ದವು. ಜಿಲ್ಲಾ ಮಟ್ಟದ ಅಭಿವೃದ್ಧಿ ಪರಿಷತ್ತಿಗೆ ಮಾತ್ರ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಅಂದರೆ ಬ್ರಿಟಿಷರ ಕಾಲದ ಕಲೆಕ್ಟರ್ ಆಡಳಿತ ಮೇಲೆ ಹಾಗೆಯೇ ಮುಂದುವರಿಯಿತು. 1978ರಲ್ಲಿ, ಪಂಚಾಯಿತಿ ಸುಧಾರಣೆಗೆಂದು ಕೇಂದ್ರ ಸರ್ಕಾರ ನೇಮಿಸಿದ್ದ ಅಶೋಕ್ ಮೆಹ್ತಾ ಸಮಿತಿ, ಹಲವು ಹಳ್ಳಿಗಳಿಗೊಂದು ಮಂಡಲ ಪಂಚಾಯಿತಿ ಮತ್ತು ಜಿಲ್ಲೆಗೊಂದು ಜಿಲ್ಲಾ ಪರಿಷತ್ತಿನ ವ್ಯವಸ್ಥೆಯನ್ನು ಸೂಚಿಸಿತು. ಆ ವರದಿಯನ್ನು ಮನಸ್ಸಿಟ್ಟು ಓದಿ ಕಾನೂನು ಮಾಡಿದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರ. ಅದರ ಹಿಂದಿನ ಶಕ್ತಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಹೆಸರಾದ ಮಂತ್ರಿ ಅವರು.

ಮಸೂದೆ 1983ರದು. ರಾಷ್ಟ್ರಪತಿಗಳ ಅಂಕಿತ ಬೀಳುವ ಹೊತ್ತಿಗೆ 1985 ಬಂದಿತ್ತು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಸಂವಿಧಾನ ಅದನ್ನು ಕಡ್ಡಾಯ ಮಾಡುವುದಕ್ಕೆ ಇನ್ನೂ ಆರು ವರ್ಷ ಬಾಕಿಯಿತ್ತು. ಆದರೆ ಆ ಕಾಯ್ದೆಯ ಜೀವ ಇದ್ದದ್ದು ಬೇರೆ ಕಡೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಪರಿಷತ್ತಿನ ಮುಖ್ಯ ಕಾರ್ಯದರ್ಶಿ, ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ. ಆ ಅಧಿಕಾರಿಯ ಗೋಪ್ಯ ವರದಿ, ಅಂದರೆ ಅವರ ಕೆಲಸದ ಮೌಲ್ಯಮಾಪನ, ಬರೆಯುವವರು ಚುನಾಯಿತ ಅಧ್ಯಕ್ಷರು. ಅಧಿಕಾರಿ ಯಾರ ಮಾತು ಕೇಳುತ್ತಾನೆ ಎಂಬುದನ್ನು ಭಾಷಣಗಳು ತೀರ್ಮಾನಿಸುವುದಿಲ್ಲ. ಅವನ ಗೋಪ್ಯ ವರದಿ, ವರ್ಗಾವಣೆ ಯಾರ ಕೈಯಲ್ಲಿವೆ ಎಂಬುದು ತೀರ್ಮಾನಿಸುತ್ತದೆ. ನಜೀರ್ ಸಾಬರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಫಲ ಕಣ್ಣಿಗೆ ಕಂಡಿತು. 1989ರಲ್ಲಿ ಕೆ.ಎಸ್. ಕೃಷ್ಣಸ್ವಾಮಿ ಸಮಿತಿ ಈ ವ್ಯವಸ್ಥೆಯ ಮೌಲ್ಯಮಾಪನ ಮಾಡಿದಾಗ, ಶಾಲೆಗೆ ಮೇಷ್ಟ್ರು ಬರುವುದು ಸುಧಾರಿಸಿತ್ತು. ತಪ್ಪಿಸಿಕೊಂಡವರನ್ನು ಪ್ರಶ್ನಿಸುವ ಸದಸ್ಯ ಪಕ್ಕದ ಬೀದಿಯಲ್ಲೇ ಇದ್ದ. ಇದೆಲ್ಲ ನಿಷ್ಕಳಂಕವಾಗಿತ್ತು ಎಂದಲ್ಲ. ಮೇಲ್ಜಾತಿಯ ಭೂಮಾಲೀಕರ ಹಿಡಿತ ಅನೇಕ ಮಂಡಲಗಳಲ್ಲಿ ಹಾಗೆಯೇ ಇತ್ತು. ಜೊತೆಗೆ, ಶಾಸಕರಿಗೆ ತಮ್ಮ ಜಿಲ್ಲೆಯಲ್ಲೇ ಪ್ರತಿಸ್ಪರ್ಧಿಯೊಬ್ಬ ಹುಟ್ಟಿಕೊಂಡಿದ್ದ. ಮುಂದಿನ ಕಥೆಗೆ ಮುಖ್ಯ ಕಾರಣ ಇದೇ ಎಂದು ನನ್ನ ನಂಬಿಕೆ.

1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರ ಜನವರಿಯಲ್ಲಿ ಸದಸ್ಯರ ಅವಧಿ ಮುಗಿದಾಗ ಬಂಗಾರಪ್ಪನವರ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಮೂವತ್ತು ವರ್ಷಗಳ ನಂತರ ನಾವು ಕಂಡದ್ದರ ಮೊದಲ ಆವೃತ್ತಿ ಅದು.

ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲಿನಲ್ಲಿ ಜಾರಿಯಾಯಿತು. ಮರು ತಿಂಗಳೇ ಕರ್ನಾಟಕ ಹೊಸ ಕಾಯ್ದೆ ತಂದಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಸಂವಿಧಾನದ ಕಟ್ಟಳೆಯಾಯಿತು. ಮಹಿಳಾ ಮೀಸಲಾತಿ ಮೂರನೇ ಒಂದಕ್ಕೆ, 2010ರಲ್ಲಿ ಅರ್ಧಕ್ಕೆ ಏರಿತು. ಇದು ಸಣ್ಣ ಗಳಿಕೆಯಲ್ಲ. ಆದರೆ ಹಳೆಯ ಕಾಯ್ದೆಯ ಜೀವ ಹೊಸದರಲ್ಲಿ ಉಳಿಯಲಿಲ್ಲ. ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಅವಧಿಯನ್ನು ಇಪ್ಪತ್ತು ತಿಂಗಳಿಗೆ ಇಳಿಸಲಾಯಿತು. ಕಡತಗಳ ಪರಿಚಯವಾಗುವಷ್ಟರಲ್ಲಿ ಅವರು ಕುರ್ಚಿ ಬಿಡಬೇಕಿತ್ತು. ಹಳೆಯ ಮುಖ್ಯ ಕಾರ್ಯದರ್ಶಿಯ ಜಾಗಕ್ಕೆ ಬಂದ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಕಣ್ಣು ಬೆಂಗಳೂರಿನತ್ತಲೇ ಇರುತ್ತಿತ್ತು. ಅಧ್ಯಕ್ಷರ ಅವಧಿ ಮತ್ತೆ ಐದು ವರ್ಷಕ್ಕೆ ಏರುವುದರೊಳಗೆ ಎರಡು ದಶಕ ಕಳೆದಿತ್ತು.

ಪಂಚಾಯಿತಿಯ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಮರುವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗಕ್ಕೇ ಮರಳಿಸಿದರೆ ವಿಳಂಬದ ದೊಡ್ಡ ನೆಪವೊಂದು ತಪ್ಪುತ್ತದೆ. ಚುನಾವಣೆ ನಡೆದ ಮೇಲೂ ಅಧಿಕಾರಿಯ ಗೋಪ್ಯ ವರದಿಯ ಪ್ರಶ್ನೆ ಉಳಿದೇ ಇರುತ್ತದೆ. ಅದಕ್ಕೆ ಉತ್ತರ ಹುಡುಕಲು ಹೊಸ ಸಮಿತಿ ಬೇಕಿಲ್ಲ, 1983ರ ಕಾಯ್ದೆಯಲ್ಲೇ ಅದು ಇದೆ.