ಟೀ ಹಿಂದೆ ಹಾಕುವ ಮುಂಚೆ

ಗಾಲ್ಫ್ ಕೋರ್ಸ್ ತಿದ್ದುವ ಕೆಲಸಕ್ಕೆ ಕರೆಯುವ ಕಮಿಟಿಗಳು ಮೊದಲ ದಿನವೇ ಹೇಳುವ ಮಾತು ಒಂದೇ: "ಸರ್, ಈ ಹೋಲ್ ತುಂಬ ಸುಲಭ. ಟೀ ಹಿಂದೆ ಹಾಕಿ, ಗ್ರೀನ್ ಮುಂದೆ ಒಂದು ಬಂಕರ್ ತೋಡಿ." ಟೀ ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಗ್ರೀನ್ ಅಂದರೆ ಬಾವುಟ ನೆಟ್ಟ ಕುಳಿ ಇರುವ ನುಣುಪು ಹುಲ್ಲಿನ ಜಾಗ, ಇವೆರಡರ ನಡುವಿನ ಇಡೀ ಹಾದಿಯೇ ಒಂದು ಹೋಲ್, ಬಂಕರ್ ಅಂದರೆ ಮರಳಿನ ಗುಂಡಿ. ನಾನು ಪ್ರತಿ ಸಲ ತಿರುಗಿ ಕೇಳುತ್ತೇನೆ, ಸುಲಭ ಯಾರಿಗೆ?

360 ಗಜದ ಹೋಲ್ 400 ಆಯಿತು ಅಂದುಕೊಳ್ಳಿ. 280 ಗಜ ಹೊಡೆಯುವ ಹುಡುಗನಿಗೆ ಮೊದಲು 80 ಗಜ ಉಳಿಯುತ್ತಿತ್ತು, ಈಗ 120. ಎರಡೂ ಅವನಿಗೆ ಸಣ್ಣ ಹೊಡೆತವೇ. 180 ಗಜ ಹೊಡೆಯುವವರು ಮೊದಲು ಎರಡು ಒಳ್ಳೆ ಹೊಡೆತದಲ್ಲಿ ಗ್ರೀನ್ ಮುಟ್ಟುತ್ತಿದ್ದರು. ಈಗ ಎಷ್ಟು ಚೆನ್ನಾಗಿ ಹೊಡೆದರೂ ಮುಟ್ಟಲಾರರು. ಯಾರನ್ನು ಕಟ್ಟಿಹಾಕಬೇಕು ಅಂತ ಹೊರಟಿರೋ ಅವನು ಆರಾಮಾಗಿದ್ದಾನೆ. ಪೆಟ್ಟು ಬಿದ್ದದ್ದು ಬೇರೆಯವರಿಗೆ. ದಯವಿಟ್ಟು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ನಾನು ಹೇಳಿದರೆ ಯಾಕೋ ನಂಬುವುದಿಲ್ಲ.

"ಮತ್ತೆ ಅಗಸ್ಟಾದಲ್ಲಿ ಮಾಡಿದ್ದಾರಲ್ಲ?" ಅಂತ ಕೇಳುತ್ತಾರೆ. ಹೌದು, ಮಾಡಿದ್ದಾರೆ. ಅಮೆರಿಕದ ಅಗಸ್ಟಾ ನ್ಯಾಷನಲ್‌ನ 13ನೇ ಹೋಲ್ 510 ಗಜ ಇತ್ತು. 2023ರ ಮಾಸ್ಟರ್ಸ್ ಪಂದ್ಯಾವಳಿಯ ಹೊತ್ತಿಗೆ 545 ಆಯಿತು. ಅದು ಪಾರ್ 5, ಅಂದರೆ ಒಳ್ಳೆ ಆಟಗಾರ ಐದು ಹೊಡೆತದಲ್ಲಿ ಮುಗಿಸಬೇಕಾದ ಹೋಲ್, ಎಡಕ್ಕೆ ತಿರುಗುತ್ತದೆ. ಎಡದುದ್ದಕ್ಕೂ ತೊರೆ, ಅದೇ ತೊರೆ ಗ್ರೀನ್ ಮುಂದೆಯೂ ಹಾಯುತ್ತದೆ. ಫೇರ್‌ವೇ, ಅಂದರೆ ನಡುವಿನ ಕತ್ತರಿಸಿದ ಹುಲ್ಲಿನ ಹಾದಿ, ಬಲದಿಂದ ಎಡಕ್ಕೆ ಇಳಿಜಾರು. ಎರಡನೇ ಹೊಡೆತದಲ್ಲಿ ತೊರೆ ದಾಟಿಸಿ ಗ್ರೀನ್‌ಗೆ ಹೊಡೆಯಲೋ, ಈಚೆಗೇ ನಿಲ್ಲಿಸಲೋ? ಆ ಹೋಲಿನ ಜೀವ ಈ ಗೊಂದಲದಲ್ಲಿದೆ. ಈಗಿನ ಹುಡುಗರು ಮೂಲೆ ದಾಟಿಸಿ ಹೊಡೆದು, ಎರಡನೇ ಹೊಡೆತಕ್ಕೆ ಕೈಯಲ್ಲಿ ಸಣ್ಣ ಐರನ್ (ಹತ್ತಿರದ ಹೊಡೆತದ ಕೋಲು) ಹಿಡಿದು ಬರತೊಡಗಿದಾಗ ಗೊಂದಲವೇ ಮಾಯ. 35 ಗಜ ಸೇರಿಸಿ ಅದನ್ನು ವಾಪಸ್ ತಂದರು. ನೆನಪಿಡಿ, ವರ್ಷಕ್ಕೊಮ್ಮೆ ಅಲ್ಲಿ ಬರುವ ಲೋಕದ ದೊಡ್ಡ ಆಟಗಾರರಿಗಾಗಿ ಮಾಡಿದ್ದು ಅದು.

ಅಲ್ಲಿಯದೇ 7ನೇ ಹೋಲ್ ನೋಡಿ. ಮೊದಲು ಸುಮಾರು 340 ಗಜ, ಒಂದೂ ಬಂಕರ್ ಇರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ 18ನೇ ಹೋಲಿನ ಮಾದರಿ. ಚೆಂಡನ್ನು ನೆಲದ ಮೇಲೆ ಉರುಳಿಸಿಕೊಂಡೇ ಗ್ರೀನ್ ಸೇರಬಹುದಿತ್ತು. 1938ರಲ್ಲಿ ಕೋರ್ಸ್ ವಿನ್ಯಾಸಕ ಪೆರಿ ಮ್ಯಾಕ್ಸ್‌ವೆಲ್ ಗ್ರೀನನ್ನು ಹಿಂದಿನ ದಿಬ್ಬದ ಮೇಲೆ ಕೂರಿಸಿ ಮುಂದೆ ಬಂಕರ್‌ಗಳನ್ನು ಇಟ್ಟರು. ಅಲ್ಲಿಗೆ ಉರುಳಿಸುವ ಆಟ ಮುಗಿಯಿತು. ಇನ್ನು ಎತ್ತರಕ್ಕೆ ಹೊಡೆದು ಇಳಿಸಲೇಬೇಕು. ಈಗ ಅದು 450 ಗಜ. ಹತ್ತಿರದಿಂದ ಮೆಲ್ಲಗೆ ಇಳಿಸಲೆಂದು ಕಟ್ಟಿದ ಗ್ರೀನ್‌ಗೆ ದೂರದಿಂದ ಹೊಡೆಯುತ್ತಾರೆ. ಹೋಲ್ ನಂಬರ್ ಅದೇ, ಹೋಲ್ ಬೇರೆ. ನನಗಂತೂ ಆ ಹಳೆಯದೇ ಇಷ್ಟ.

ಕೆಲವು ವರ್ಷದ ಹಿಂದೆ ಒಂದು ಸಣ್ಣ ಕ್ಲಬ್‌ನಲ್ಲಿ ನನ್ನ ಮಾತು ನಡೆಯಲಿಲ್ಲ. ಪಾರ್ 4 ಒಂದರ ಗ್ರೀನ್ ಎದುರಿಗೇ ಅಡ್ಡಲಾಗಿ ಬಂಕರ್ ತೋಡಿಸಿದರು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಅಲ್ಲಿ ದಿನಾ ಬೆಳಿಗ್ಗೆ ಆಡುತ್ತಿದ್ದರು. ಅವರ ಚೆಂಡು ಮೇಲೆ ಏಳುತ್ತಿರಲಿಲ್ಲ, ಆದರೆ ಉರುಳಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬಂಕರ್ ಬಂದ ಮೇಲೆ ಅವರು ಆ ಹೋಲ್ ಬಿಟ್ಟು ಮುಂದಿನ ಟೀಗೆ ನಡೆದುಬಿಡುತ್ತಿದ್ದರು. ಯಾರ ಹತ್ತಿರವೂ ದೂರು ಹೇಳಲಿಲ್ಲ.

ಅಂದಿನಿಂದ ನಾನು ಒಂದು ಷರತ್ತು ಹಾಕುತ್ತೇನೆ. ತೋಡುವ ಜಾಗಕ್ಕೆ ಮೊದಲು ಸುಣ್ಣದ ಗೆರೆ ಎಳೆಯಿರಿ, ಒಂದು ತಿಂಗಳು ಆಡಿ. ಗೆರೆಯೊಳಗೆ ಯಾರ ಚೆಂಡು ಬಿತ್ತು ಅಂತ ಆಟಗಾರರ ಚೀಲ ಹೊರುವ ಕ್ಯಾಡಿಗಳ ಹತ್ತಿರ ಬರೆಸಿಡಿ. ಕೆಲವು ಕಡೆ ನಿಜಕ್ಕೂ ಬಂಕರ್ ಬೇಕಾಗುತ್ತದೆ, ಜಾಗ ನೋಡದೆ ಹೇಳಲಾಗದು. ಎಷ್ಟೋ ಕಡೆ ಹುಲ್ಲು ಕತ್ತರಿಸುವ ಗೆರೆ ಬದಲಿಸಿದರೆ, ಬಾವುಟವನ್ನು ಗ್ರೀನ್‌ನ ಇನ್ನೊಂದು ಮೂಲೆಗೆ ಇಟ್ಟರೆ ಸಾಕು.

ಆ ಕ್ಲಬ್‌ನವರು ಎರಡು ಮಳೆಗಾಲದ ನಂತರ ಬಂಕರಿನ ಎಡಭಾಗ ಮುಚ್ಚಿಸಿ ಹತ್ತಡಿ ದಾರಿ ಬಿಟ್ಟರು. ಹೋದ ತಿಂಗಳು ಹೋಗಿದ್ದೆ. ಹಿರಿಯರು ಆ ದಾರಿಯಲ್ಲೇ ಉರುಳಿಸಿದರು, ಚೆಂಡು ಬಾವುಟದಿಂದ ನಾಲ್ಕಡಿ ದೂರದಲ್ಲಿ ನಿಂತಿತು.