ಸೀಟಿನ ಕೆಳಗೆ ಸಬ್‌ವೂಫರ್ ಬಾಕ್ಸ್: ಲೀಟರ್ ಲೆಕ್ಕದಿಂದ ಬೋಲ್ಟ್ ಬಿಗಿಯುವವರೆಗೆ

ಕಾರಿಗೆ ಸಬ್‌ವೂಫರ್, ಅಂದರೆ ತೀರ ಕೆಳದನಿಯ ಸ್ಪೀಕರ್, ಹಾಕುವ ಹೊಸಬರು ಮೊದಲು ಸ್ಪೀಕರ್ ಕೊಳ್ಳುತ್ತಾರೆ, ಆಮೇಲೆ ಬಗ್ಗಿ ಸೀಟಿನ ಕೆಳಗೆ ನೋಡುತ್ತಾರೆ. ಇದು ತಿರುಗುಮುರುಗು ಆಗಬೇಕು. ಸೀಟಿನಡಿಯ ಜಾಗವನ್ನು ಹಿಗ್ಗಿಸಲು ಬರುವುದಿಲ್ಲ. ಅಲ್ಲಿ ಎಷ್ಟು ಲೀಟರ್ ಗಾಳಿ ಹಿಡಿಯುತ್ತದೆ ಎಂದು ಗೊತ್ತಾದ ಮೇಲೆ ಅದಕ್ಕೆ ಒಗ್ಗುವ ಸ್ಪೀಕರ್ ಹುಡುಕುವುದೇ ಸರಿ. ಇಲ್ಲಿ ಹೇಳುತ್ತಿರುವುದೆಲ್ಲ ಪೂರ್ತಿ ಮುಚ್ಚಿದ ಬಾಕ್ಸಿನ ಮಾತು. ಕೊಳವೆಯ ಮೂಲಕ ಹೊರಕ್ಕೆ ತೆರೆದಿರುವ ಪೋರ್ಟ್ ಬಾಕ್ಸ್ ಯಾಕೆ ಬೇಡ ಎಂದರೆ, 18 ಲೀಟರ್ ಬಾಕ್ಸನ್ನು 35 ಹರ್ಟ್ಝ್‌ಗೆ ಟ್ಯೂನ್ ಮಾಡಲು 7.5 ಸೆಂ.ಮೀ. ವ್ಯಾಸದ ಕೊಳವೆ ಅರ್ಧ ಮೀಟರಿಗಿಂತ ಉದ್ದ ಬೇಕು. ಅದನ್ನು ಮಡಚಿ ಒಳಗೆ ತುರುಕಿದರೆ ಗಾಳಿಗೆ ಉಳಿಯುವ ಜಾಗವೂ ಹೋಗುತ್ತದೆ.

ಅಳತೆ

ಖಾಲಿ ಸೀಟಿನ ಕೆಳಗೆ ಟೇಪ್ ಹಿಡಿದು ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಜನ ಕೂತಾಗ ಸೀಟಿನ ಸ್ಪ್ರಿಂಗು, ಫೋಮು ಎರಡೂ ಕೆಳಗಿಳಿಯುತ್ತವೆ. ಮೆತ್ತನೆಯ ಜೇಡಿಮಣ್ಣಿನ ಮುದ್ದೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಐದಾರು ಕಡೆ ಇಡಿ. ದಪ್ಪನೆಯ ಒಬ್ಬರನ್ನು ಕೂರಿಸಿ, ಸ್ವಲ್ಪ ಎಗರಿ ಕೂರಲು ಹೇಳಿ. ಜಜ್ಜಿದ ಮುದ್ದೆಯ ಎತ್ತರವೇ ನಿಜವಾದ ಎತ್ತರ. ಅದರಿಂದ ಇನ್ನೂ 10 ಮಿ.ಮೀ. ಕಳೆಯಿರಿ. ಸೀಟು ಹಿಂದೆ ಮುಂದೆ ಸರಿಯುವಂಥದ್ದಾದರೆ ಎರಡೂ ತುದಿಯಲ್ಲಿ ಅಳೆಯಬೇಕು. ಎತ್ತರ ಹೊಂದಿಸುವ ಸೌಲಭ್ಯವಿದ್ದರೆ ತೀರ ಕೆಳಗಿಳಿಸಿ ಅಳೆಯಬೇಕು. ಆಮೇಲೆ ರಟ್ಟಿನಲ್ಲಿ ಪೂರ್ತಿ ಬಾಕ್ಸ್ ಮಾಡಿ ಒಳಗಿಟ್ಟು ನೋಡಿ. ರಟ್ಟು ಎಲ್ಲಿ ಮಡಚಿಕೊಂಡಿತೋ ಅಲ್ಲಿ ಮರವೂ ತಗಲುತ್ತದೆ.

ಮುಂದಿನ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಸುವ ಸಾಧನದ್ದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ವಾಹನದ ಕೈಪಿಡಿ ಹೇಳುವಷ್ಟು ಹೊತ್ತು ಕಾದ ಮೇಲೆಯೇ ಅದನ್ನು ಮುಟ್ಟಬೇಕು. ಅದು ಬಿಚ್ಚಿರುವಾಗ ಕೀ ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿ ದೋಷ ದಾಖಲಾಗುತ್ತದೆ. ಅಳಿಸಲು ಸ್ಕ್ಯಾನರ್ ಬೇಕಾಗಬಹುದು. ಹಿಂದಿನವರಿಗೆ ಗಾಳಿ ಒಯ್ಯುವ ಡಕ್ಟ್ ಅಲ್ಲೇ ಇದ್ದರೆ ಅದರ ಬಾಯಿ ಮುಚ್ಚಬೇಡಿ. ಈ ಎಲ್ಲ ಕಾರಣಕ್ಕೆ ಮಡಚಿ ಮೇಲೆತ್ತುವ ಹಿಂದಿನ ಸೀಟು, ಪಿಕಪ್‌ಗಳಲ್ಲಿ ಇರುವಂಥದ್ದು, ಕಲಿಯುವವರಿಗೆ ಎಷ್ಟೋ ವಾಸಿ.

ಲೀಟರ್ ಲೆಕ್ಕ

ಒಂದು ಉದಾಹರಣೆ. ಸಿಕ್ಕ ಎತ್ತರದಿಂದ ಬಾಕ್ಸಿನ ಕಾಲುಗಳಿಗೆ 3 ಸೆಂ.ಮೀ. ಬಿಟ್ಟ ಮೇಲೆ ಹೊರ ಅಳತೆ ಹೀಗೆ ಉಳಿಯಿತು ಎನ್ನಿ: ಅಗಲ 60, ಆಳ 34, ಎತ್ತರ ಮುಂದೆ 17, ಹಿಂದೆ 13 ಸೆಂ.ಮೀ. ಇಳಿಜಾರಿರುವುದರಿಂದ ಸರಾಸರಿ ಎತ್ತರ 15. ಎಲ್ಲ ಕಡೆ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿದರೆ ಒಳಗೆ 56.4 × 30.4 × 11.4, ಅಂದರೆ 19.5 ಲೀಟರ್. ಎಲ್ಲ ಕಡೆ 12 ಮಿ.ಮೀ. ಆದರೆ 57.6 × 31.6 × 12.6, ಅಂದರೆ 22.9 ಲೀಟರ್. ಬರೀ ಹಲಗೆಯ ದಪ್ಪಕ್ಕೆ ಮೂರೂವರೆ ಲೀಟರ್ ಹತ್ತಿರ ಹೋಯಿತು. ದೊಡ್ಡ ಬಾಕ್ಸಿನಲ್ಲಿ ಇದು ಲೆಕ್ಕಕ್ಕಿಲ್ಲ, ಇಲ್ಲಿ ಪ್ರಾಣ. ಆದ್ದರಿಂದ ಸ್ಪೀಕರ್ ಕೂರುವ ಹಲಗೆ ಮಾತ್ರ 18, ಉಳಿದದ್ದು 12, ನಡುವೆ ಒಂದೆರಡು ಅಡ್ಡಪಟ್ಟಿ. ಆಗ 21.8 ಲೀಟರ್, ಸ್ಪೀಕರಿನ ಹಿಂಭಾಗ ಮತ್ತು ಪಟ್ಟಿಗಳು ನುಂಗುವ 1.4 ಲೀಟರ್ ಕಳೆದರೆ 20.4 ಉಳಿಯಿತು.

ಈಗ ಸ್ಪೀಕರಿನ ಡೇಟಾ ಹಾಳೆ. ಕಡಿಮೆ ಆಳದ 10 ಇಂಚಿನ ಒಂದರಲ್ಲಿ ಎಫ್‌ಎಸ್ (ಸ್ಪೀಕರಿನ ಸಹಜ ಅನುರಣನ) 35 ಹರ್ಟ್ಝ್, ಕ್ಯೂಟಿಎಸ್ (ಆ ಅನುರಣನ ಎಷ್ಟು ಗುಂಯ್‌ಗುಡುತ್ತದೆ ಎಂಬ ಅಳತೆ) 0.5, ವಿಎಎಸ್ (ಸ್ಪೀಕರಿನ ಸ್ಪ್ರಿಂಗುತನಕ್ಕೆ ಸಮನಾದ ಗಾಳಿಯ ಪ್ರಮಾಣ) 20 ಲೀಟರ್ ಎಂದಿದೆ ಎಂದುಕೊಳ್ಳಿ. ವಿಎಎಸ್ ಅನ್ನು ಬಾಕ್ಸಿನ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದದ್ದನ್ನು ಕ್ಯೂಟಿಎಸ್‌ಗೆ ಗುಣಿಸಿದರೆ ಬಾಕ್ಸಿನೊಳಗಿನ ಕ್ಯೂ, ಅಂದರೆ ಕ್ಯೂಟಿಸಿ. ಎಫ್‌ಎಸ್‌ಗೆ ಗುಣಿಸಿದರೆ ಬಾಕ್ಸಿನೊಳಗಿನ ಅನುರಣನ. 20.4 ಲೀಟರಿಗೆ ಇದು 0.70 ಮತ್ತು 49 ಹರ್ಟ್ಝ್. ಕ್ಯೂ 0.7ರ ಹತ್ತಿರವಿದ್ದರೆ ಬೇಸ್ ಸಮನಾಗಿರುತ್ತದೆ, ಆದ್ದರಿಂದ ಚೆನ್ನಾಗಿದೆ. ಅದೇ ಸ್ಪೀಕರ್ 10 ಲೀಟರಿನಲ್ಲಿ 0.87 ಮತ್ತು 61, ಇನ್ನೂ ಒಪ್ಪಬಹುದು. 6 ಲೀಟರಿಗೆ ಇಳಿಸಿದರೆ 1.04 ಮತ್ತು 73: ಒಂದೇ ಸ್ವರ ಗುಂಯ್‌ಗುಡುತ್ತದೆ, ಅದರ ಕೆಳಗೆ ಏನೂ ಇಲ್ಲ. ‘ಬೇಸ್ ಬರ್ತಿಲ್ಲ’ ಎಂದು ದೊಡ್ಡ ಆಂಪ್ಲಿಫೈಯರ್ ಹಾಕುವವರ ರೋಗ ಬಹುಪಾಲು ಇದೇ. ಜಾಗ ಕಡಿಮೆ ಇದ್ದರೆ 8 ಇಂಚಿಗೆ ಇಳಿಯುವುದರಲ್ಲಿ ಅವಮಾನವೇನಿಲ್ಲ.

ಪಾಲಿಯೆಸ್ಟರ್ ಹತ್ತಿ ತುಂಬಿದರೆ ಬಾಕ್ಸ್ ತುಸು ದೊಡ್ಡದಾದಂತೆ ವರ್ತಿಸುತ್ತದೆ. 20 ಲೀಟರಿಗೆ 250ರಿಂದ 300 ಗ್ರಾಂ, ಬಿಡಿಸಿ ಹರಡಿ. ಗಿಡಿದು ತುಂಬಿದರೆ ಲಾಭ ಹೋಗುತ್ತದೆ. ಆಯಸ್ಕಾಂತದ ಹಿಂದಿನ ಗಾಳಿರಂಧ್ರಕ್ಕೆ ಅದು ಅಂಟದಿರಲಿ.

ಕೆಳಮುಖ ಸ್ಪೀಕರ್

ಸೀಟಿನಡಿ ಸ್ಪೀಕರನ್ನು ನೆಲಕ್ಕೆ ಮುಖ ಮಾಡಿ ಹಾಕುವುದೇ ಹೆಚ್ಚು. ಮೇಲ್ಮುಖವಾದರೆ ಸೀಟಿನ ಸ್ಪ್ರಿಂಗ್ ಸ್ಪೀಕರಿನ ಅದುರುವ ಭಾಗವಾದ ಕೋನ್‌ಗೆ ತಗಲುವ ಭಯ. ಕೆಳಮುಖವಾದರೆ ಕೋನ್ ತನ್ನ ಭಾರಕ್ಕೇ ಜೋಲುತ್ತದಲ್ಲ ಎಂಬ ಸಂಶಯ ಸಹಜ. ಜೋಲುವ ದೂರ ಮಿ.ಮೀ.ಗಳಲ್ಲಿ 248.5 ಭಾಗಿಸು ಎಫ್‌ಎಸ್‌ನ ವರ್ಗ. 35 ಹರ್ಟ್ಝ್‌ಗೆ 0.2 ಮಿ.ಮೀ. ಎಕ್ಸ್‌ಮ್ಯಾಕ್ಸ್ (ಕೋನ್ ಒಂದು ಕಡೆಗೆ ಸರಿಯಾಗಿ ಚಲಿಸಬಲ್ಲ ಮಿತಿ) 9 ಮಿ.ಮೀ. ಇದ್ದರೆ ಅದು ಶೇ. 2ರ ಆಸುಪಾಸು. ಶೇ. 5ರೊಳಗಿದ್ದರೆ ಚಿಂತೆ ಬೇಡ.

ನೆಲದಿಂದ ಬಿಡುವ ಅಂತರದಲ್ಲಿ ತಪ್ಪು ಮಾಡುವವರು ಹೆಚ್ಚು. ಹಲಗೆಯಿಂದ ಕೋನಿನ ಸುತ್ತಲಿನ ರಬ್ಬರ್ ಅಂಚು (ಸರೌಂಡ್) 12 ಮಿ.ಮೀ. ಉಬ್ಬಿದ್ದು, ಕೋನ್ 9 ಮಿ.ಮೀ. ಚಲಿಸಿದರೆ ಅಲ್ಲಿಗೇ 21 ಆಯಿತು. ಜೋರಾಗಿ ಹಾಕಿದಾಗ ಎಕ್ಸ್‌ಮ್ಯಾಕ್ಸ್ ದಾಟುವುದೂ ಉಂಟು. 30 ಮಿ.ಮೀ. ಕನಿಷ್ಠ, ಅದನ್ನು ಕಾರ್ಪೆಟ್ಟಿನ ಮೇಲ್ಭಾಗದಿಂದ ಅಳೆಯಬೇಕು. ಕಾಲುಗಳು ಕಾರ್ಪೆಟ್ಟಿನಲ್ಲಿ ಹೂತುಹೋಗುತ್ತವೆ, ನೆನಪಿರಲಿ.

ಕಟ್ಟುವುದು

ತುಂಡುಗಳನ್ನು ಮರದ ಅಂಟು ಹಚ್ಚಿ ಕ್ಲಾಂಪ್ ಹಾಕಿ ಜೋಡಿಸಿ. ಸ್ಕ್ರೂ ಹಾಕುವ ಮುನ್ನ ಸಣ್ಣ ತೂತು ಕೊರೆಯಿರಿ, ಇಲ್ಲವಾದರೆ ಎಂಡಿಎಫ್‌ನ ಅಂಚು ಸೀಳುತ್ತದೆ. ಒಳ ಮೂಲೆಗಳಿಗೆಲ್ಲ ಸಿಲಿಕೋನ್ ಎಳೆದು 24 ಗಂಟೆ ಬಿಟ್ಟೇ ಸ್ಪೀಕರ್ ಕೂರಿಸಿ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲದ ಆವಿ ಲೋಹಕ್ಕೆ ಒಳ್ಳೆಯದಲ್ಲ. ಸ್ಪೀಕರಿಗೆ ಮರದ ಸ್ಕ್ರೂ ಬದಲು ಟಿ-ನಟ್ (ಹಲಗೆಯ ಹಿಂದಿನಿಂದ ಕೂರಿಸುವ ಹಲ್ಲಿನ ನಟ್), ನಡುವೆ ಫೋಮ್ ಗ್ಯಾಸ್ಕೆಟ್. ಒದ್ದೆ ಬೂಟಿನ ನೀರು ಕುಡಿದರೆ ಎಂಡಿಎಫ್ ಉಬ್ಬುತ್ತದೆ. ಕೆಳಭಾಗಕ್ಕೆ ಎರಡು ಕೋಟ್ ಬಣ್ಣ ಕಡ್ಡಾಯ.

ನೆಲ ಉಬ್ಬುತಗ್ಗಾಗಿದ್ದರೆ ಆ ಒಂದು ಮುಖವನ್ನು ಫೈಬರ್‌ಗ್ಲಾಸಿನಲ್ಲಿ ಎರಕ ತೆಗೆಯಬಹುದು. ಮಾಸ್ಕಿಂಗ್ ಟೇಪ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಮೇಣ, ಆಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್. ಒಂದು ಪದರಕ್ಕೆ ಸುಮಾರು 1 ಮಿ.ಮೀ. ದಪ್ಪ ಬರುತ್ತದೆ, ಆರು ಪದರವಾದರೂ ಬೇಕು. ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡ್‌ನರ್ ಶೇ. 1ರಿಂದ 2. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಸುರಿದರೆ ಡಬ್ಬದಲ್ಲೇ ಕುದಿದು ಹೊಗೆಯಾಡುತ್ತದೆ. ಅಚ್ಚಿಗೆ ಎರಡು ಪದರವಷ್ಟೇ ವಾಹನದೊಳಗೆ, ಬಾಗಿಲು ತೆರೆದು, ಮುಖವಾಡ ಕಟ್ಟಿಕೊಂಡು. ಉಳಿದ ಪದರಗಳು ಹೊರಗೆ.

ಕೂರಿಸುವುದು

ಸ್ಪೀಕರ್ ಸೇರಿ ಬಾಕ್ಸ್ 10 ಕಿಲೋ ಮುಟ್ಟುತ್ತದೆ. ಅಪಘಾತದಲ್ಲಿ 20 ಜಿ (ಗುರುತ್ವದ 20 ಪಟ್ಟು) ಬಿದ್ದರೆ ಅದು 200 ಕಿಲೋದಂತೆ ಎಳೆಯುತ್ತದೆ. ವೆಲ್ಕ್ರೋ ನೆಚ್ಚಿಕೊಂಡರೆ ಆಗದು. ನೆಲದಲ್ಲಿ ಕಂಪನಿಯೇ ಕೊಟ್ಟ ಬೋಲ್ಟ್ ರಂಧ್ರಗಳಿದ್ದರೆ, ಟೂಲ್ ಟ್ರೇ ಬಿಗಿದಿದ್ದ ಜಾಗದಂಥವು, ಅಲ್ಲಿಗೆ ಉಕ್ಕಿನ ಎಲ್-ಪಟ್ಟಿ ಹಾಕಿ. ಸೀಟಿನ ಹಳಿ ಮತ್ತು ನೆಲದ ನಡುವೆ ಪಟ್ಟಿ ತೂರಿಸಬೇಡಿ, ಸೀಟ್‌ಬೆಲ್ಟ್ ಬೋಲ್ಟನ್ನೂ ಬಳಸಬೇಡಿ. ಹೊಸ ತೂತು ಕೊರೆಯಲೇಬೇಕಾದರೆ ಮೊದಲು ವಾಹನದ ಅಡಿಗೆ ಹೋಗಿ ನೋಡಿ: ಇಂಧನ ಟ್ಯಾಂಕು, ಬ್ರೇಕ್ ಪೈಪು ಅಲ್ಲೇ ಹಾದಿರುತ್ತವೆ. ವಿದ್ಯುತ್ ವಾಹನದ ನೆಲ ಕೊರೆಯುವ ಯೋಚನೆಯೇ ಬೇಡ, ಕೆಳಗಿರುವುದು ಬ್ಯಾಟರಿ.

300 ವಾಟ್‌ನ ಡಿ-ಕ್ಲಾಸ್ ಆಂಪ್ಲಿಫೈಯರ್ ಪೂರ್ತಿ ಹೊರೆಯಲ್ಲಿ 27 ಆಂಪಿಯರ್ ಹತ್ತಿರ ಎಳೆಯುತ್ತದೆ. 8 ಚ.ಮಿ.ಮೀ. ತಾಮ್ರದ ತಂತಿ, ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ 40 ಆಂಪಿಯರ್ ಫ್ಯೂಸ್, ಬಣ್ಣ ಕೆರೆದ ಲೋಹಕ್ಕೆ ಗಿಡ್ಡನೆಯ ಅರ್ಥ್ ತಂತಿ. ಲೋ-ಪಾಸ್ (ಕೆಳದನಿ ಮಾತ್ರ ಬಿಡುವ ಫಿಲ್ಟರ್) 80 ಹರ್ಟ್ಝ್‌ನಿಂದ ಶುರು ಮಾಡಿ.

ಕೋನನ್ನು ಎರಡೂ ಕೈಯ ಬೆರಳಿಂದ ಸಮವಾಗಿ, ಮೆತ್ತಗೆ ಒತ್ತಿ ನೋಡಿ. ಒಳಗಿನ ಗಾಳಿ ಸ್ಪ್ರಿಂಗಿನಂತೆ ಎದುರೊತ್ತಿದರೆ ಬಾಕ್ಸ್ ಭದ್ರ. ಆ ಎದುರೊತ್ತು ಸಿಗದೆ ಸಲೀಸಾಗಿ ಒಳಹೋದರೆ ಎಲ್ಲೋ ಗಾಳಿ ಸೋರುತ್ತಿದೆ, ಮೊದಲು ತಂತಿ ಸೇರುವ ಟರ್ಮಿನಲ್ ಕಪ್ಪಿನ ಸುತ್ತ ನೋಡಿ. ಆಮೇಲೆ 30ರಿಂದ 80 ಹರ್ಟ್ಝ್‌ವರೆಗಿನ ಟೋನ್ ಸಣ್ಣ ದನಿಯಲ್ಲಿ ಏರಿಸುತ್ತ ಹೋಗಿ, ಸೀಟಿನಲ್ಲಿ ಒಬ್ಬರು ಕೂತಿರಲಿ. ಟರ್ ಎಂಬ ಸದ್ದು ಬಂದರೆ ಸ್ಪೀಕರನ್ನು ಬೈಯುವ ಮುಂಚೆ ಸೀಟಿನ ಲಿವರ್, ಬೆಲ್ಟ್ ಬಕಲ್, ಬಾಕ್ಸಿಗೆ ತಗಲಿದ ತಂತಿ ಗೊಂಚಲು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ.