‘ಬೇಡ’ ಎನ್ನಲು ದಾರಿ ಇದೆಯೇ?

ಜನರನ್ನು ಒಳಗೊಂಡ ಸಂಶೋಧನೆ ಶುರುವಾಗುವ ಮೊದಲೇ ಅದನ್ನು ಪರಿಶೀಲಿಸಿ ಅನುಮತಿ ಕೊಡುವ ನೈತಿಕ ಸಮಿತಿಯೊಂದರಲ್ಲಿ ನಾನಿದ್ದೇನೆ. ಸಮಿತಿಯ ಸಭೆಗೆ ಮುಂಚೆ ಸಂಶೋಧನೆಯ ಕಡತ ಕೈಗೆ ಬಂದ ಕೂಡಲೇ ನಾನು ಕೊನೆಯ ಪುಟಗಳಿಗೆ ಹೋಗುತ್ತೇನೆ. ಕನ್ನಡದ ಒಪ್ಪಿಗೆ ಪತ್ರ ಇರುವುದು ಅಲ್ಲಿ. ಒಮ್ಮೆ ಬಂದ ಪತ್ರದಲ್ಲಿ ಹೀಗಿತ್ತು: ‘ಸದರಿ ಅಧ್ಯಯನದ ಉದ್ದೇಶ, ಕಾರ್ಯವಿಧಾನ ಹಾಗೂ ಸಂಭವನೀಯ ಅಪಾಯಗಳನ್ನು ನನಗೆ ಸವಿಸ್ತಾರವಾಗಿ ವಿವರಿಸಲಾಗಿದ್ದು, ನಾನು ಸ್ವಇಚ್ಛೆಯಿಂದ ಭಾಗವಹಿಸಲು ಸಮ್ಮತಿಸಿರುತ್ತೇನೆ.’

ಇದಕ್ಕೆ ಸಹಿ ಹಾಕಬೇಕಾಗಿದ್ದವರು ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮಷೀನಿನ ಮುಂದೆ ಕೂರುವ ಹೆಣ್ಣುಮಕ್ಕಳು. ಬ್ಯಾಂಕಿನ ಸಾಲಪತ್ರ, ಜಮೀನಿನ ಕರಾರು ಎಲ್ಲವೂ ಇದೇ ಭಾಷೆಯಲ್ಲಿರುತ್ತವೆ. ಇಂಥ ಕಾಗದ ಕಂಡರೆ ನಮ್ಮ ಜನ ಓದಲು ಹೋಗುವುದಿಲ್ಲ, ‘ಎಲ್ಲಿ ಸೈನ್ ಹಾಕಬೇಕು?’ ಎಂದು ಕೇಳುತ್ತಾರೆ.

ಈ ಅಧ್ಯಯನ ಮಾಡಲು ಹೊರಟಿದ್ದ ಪಿಎಚ್‌ಡಿ ವಿದ್ಯಾರ್ಥಿನಿಯನ್ನು ಸಭೆಗೆ ಕರೆದೆವು. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ವಿಷಯ ಒಳ್ಳೆಯದೇ: ಟಾರ್ಗೆಟ್ ಒತ್ತಡ, ಸೂಪರ್‌ವೈಸರ್‌ಗಳ ಬೈಗುಳ, ಅದರಿಂದ ಕೆಡುವ ನಿದ್ದೆ. ‘ಇವರನ್ನೆಲ್ಲ ಎಲ್ಲಿ ಭೇಟಿ ಮಾಡ್ತೀರಮ್ಮಾ?’ ಎಂದು ಕೇಳಿದೆ.

‘ಎಚ್‌ಆರ್ ಮ್ಯಾನೇಜರ್ ಲಿಸ್ಟ್ ಕೊಡ್ತೀನಿ ಅಂದಿದ್ದಾರೆ ಮೇಡಂ. ಊಟದ ಹೊತ್ತಲ್ಲಿ ಒಬ್ಬೊಬ್ಬರನ್ನೇ ಕಳಿಸ್ತಾರೆ. ಫ್ಯಾಕ್ಟರಿಯಲ್ಲೇ ರೂಮ್ ಕೊಡ್ತಾರೆ.’

ಅನುಮತಿ ಸಿಕ್ಕಿದ ಖುಷಿ ಅವಳ ಮುಖದಲ್ಲಿತ್ತು, ಅದು ಸಹಜ. ಆಗ ನಮ್ಮ ಸಮಿತಿಯಲ್ಲಿ ಜನಸಾಮಾನ್ಯರ ಪರವಾಗಿ ಕೂರುವ ನಿವೃತ್ತ ಶಾಲಾ ಮೇಷ್ಟ್ರು ಕೇಳಿದರು: ‘ಮ್ಯಾನೇಜರೇ ಹೋಗು ಅಂದ ಮೇಲೆ ಆಕೆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳ್ತಾಳೆ?’

ಇಂಥ ಮಾತು ಬರಲಿ ಎಂದೇ ಸಮಿತಿಯನ್ನು ಹೀಗೆ ಕಟ್ಟುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಸಮಿತಿಯಲ್ಲಿ 7ರಿಂದ 15 ಮಂದಿ ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರು, ವಿಜ್ಞಾನಿಗಳ ಜೊತೆಗೆ ಕಾನೂನು ಬಲ್ಲವರು, ಸಮಾಜ ವಿಜ್ಞಾನದವರು, ಒಬ್ಬ ಜನಸಾಮಾನ್ಯರೂ ಬೇಕು. ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಅಧ್ಯಯನಗಳಿಗೂ ಈ ಮಾರ್ಗಸೂಚಿ ಅನ್ವಯಿಸುತ್ತದೆ. ‘ನಾವೇನು ಇಂಜೆಕ್ಷನ್ ಕೊಡ್ತೀವಾ? ಬರೀ ಪ್ರಶ್ನೆ ಕೇಳೋದು ತಾನೆ’ ಎನ್ನುವ ಗೈಡ್‌ಗಳಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ.

ಮೇಷ್ಟ್ರ ಪ್ರಶ್ನೆ ಕೇಳಿದಾಗ ನನಗೆ ಖಮ್ಮಂ ನೆನಪಾಯಿತು. ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ 2009ರಿಂದ ಹದಿಹರೆಯದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಅಧ್ಯಯನ ನಡೆಯಿತು. ಕೆಲವು ಹುಡುಗಿಯರ ಸಾವಿನ ಸುದ್ದಿ ಬಂದ ಮೇಲೆ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಈ ಲಸಿಕೆಯ ಬಗ್ಗೆ ಯಾರಿಗೂ ಅನುಮಾನ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಒಪ್ಪಿಗೆ ಪತ್ರಗಳನ್ನು ತೆರೆದು ನೋಡಿದಾಗ ಬೇರೆಯದೇ ಸಂಗತಿ ಹೊರಬಿತ್ತು. ಸಂಸತ್ತಿನ ಸ್ಥಾಯಿ ಸಮಿತಿಯ 2013ರ ವರದಿಯ ಪ್ರಕಾರ, ಆಂಧ್ರದ 9,543 ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟುಹೋದ ತಂದೆತಾಯಿಯನ್ನು ಕೇಳಿದವರಿಲ್ಲ. ಕಾಗದದ ಲೆಕ್ಕದಲ್ಲಿ ಒಪ್ಪಿಗೆ ಇತ್ತು.

ನಮ್ಮಲ್ಲಿ ವಾರ್ಡನ್‌ನ ಜಾಗದಲ್ಲಿ ಯಾರು ಬೇಕಾದರೂ ಇರಬಹುದು: ಹೆಡ್‌ಮಾಸ್ಟರು, ಆಶಾ ಕಾರ್ಯಕರ್ತೆ, ಸಂಘದ ಅಧ್ಯಕ್ಷೆ, ಊರ ಗೌಡರು. ಅವರ ಸಹಾಯ ಬೇಕೇ ಬೇಕು, ಅವರಿಲ್ಲದೆ ಊರೊಳಗೆ ಕಾಲಿಡುವುದೂ ಕಷ್ಟ. ಆದರೆ ಅವರ ‘ಆಯ್ತು’ ಇನ್ನೊಬ್ಬರ ‘ಆಯ್ತು’ ಆಗುವುದಿಲ್ಲ. ಮಕ್ಕಳ ವಿಷಯದಲ್ಲಂತೂ ತಂದೆತಾಯಿಯ ಒಪ್ಪಿಗೆಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಓದುಬರಹ ಬಾರದವರ ಹೆಬ್ಬೆಟ್ಟಿನ ಪಕ್ಕ ಓದಬಲ್ಲ ಸಾಕ್ಷಿಯೊಬ್ಬರ ಸಹಿ ಇರಬೇಕು, ಆ ಸಾಕ್ಷಿ ಸಂಶೋಧನೆಯ ತಂಡದವರಾಗಿರಬಾರದು.

ಆ ವಿದ್ಯಾರ್ಥಿನಿಯ ಜೊತೆ ಕೂತು ಪತ್ರವನ್ನು ಹೊಸದಾಗಿ ಬರೆದೆವು. ‘ನಾನು ಓದ್ತಾ ಇರೋಳು, ಕಂಪನಿಯವಳಲ್ಲ. ನಿಮ್ಮ ಜೊತೆ ಮುಕ್ಕಾಲು ಗಂಟೆ ಮಾತಾಡಬೇಕು. ಇದರಿಂದ ನಿಮ್ಮ ಸಂಬಳ ಜಾಸ್ತಿ ಆಗಲ್ಲ, ಯಾವ ಯೋಜನೆಗೂ ಹೆಸರು ಸೇರಲ್ಲ. ಇಷ್ಟ ಇಲ್ಲದಿದ್ದರೆ ಬೇಡ ಅನ್ನಿ. ಮಧ್ಯದಲ್ಲಿ ಎದ್ದು ಹೋದರೂ ನನಗೆ ಬೇಜಾರಿಲ್ಲ.’ ಯೋಜನೆಯ ಮಾತು ಯಾಕೆಂದರೆ, ಮನೆಯ ವಿವರ ಕೇಳುತ್ತಾ ಕಾಗದ ಹಿಡಿದು ಬಂದವರೆಲ್ಲ ಜನರ ಕಣ್ಣಿಗೆ ಸರ್ಕಾರದ ಕಡೆಯವರೇ. ಗೃಹಲಕ್ಷ್ಮಿ ದುಡ್ಡು ಎಲ್ಲಿ ನಿಂತುಹೋಗುತ್ತದೋ ಎಂಬ ಅಂಜಿಕೆಯಿಂದ ಉತ್ತರ ಕೊಟ್ಟರೆ ಅದನ್ನು ಒಪ್ಪಿಗೆ ಎನ್ನಲಾಗದು.

ಇನ್ನೊಂದು ವಾಕ್ಯಕ್ಕೆ ಬಹಳ ಹೊತ್ತು ಹಿಡಿಯಿತು. ‘ನಿಮ್ಮ ಹೆಸರು ಬರೆಯಲ್ಲ’ ಎಂದು ಅವಳು ಬರೆದಿದ್ದಳು. ಹೆಸರು ಬಿಟ್ಟು ‘ಕಟಿಂಗ್ ಸೆಕ್ಷನ್, 38 ವರ್ಷ, ಗಂಡ ತೀರಿಕೊಂಡಿದ್ದಾರೆ, ಚನ್ನಪಟ್ಟಣದಿಂದ ದಿನಾ ಓಡಾಡುತ್ತಾರೆ’ ಎಂದು ಪ್ರಬಂಧದಲ್ಲಿ ಬರೆದರೆ ಆ ಯೂನಿಟ್ಟಿನಲ್ಲಿ ಅದು ಯಾರೆಂದು ತಿಳಿಯದವರು ಯಾರು? ಸೂಪರ್‌ವೈಸರ್ ಮೇಲಿನ ದೂರು ಆಕೆಯ ಹೆಸರಿಗೇ ಅಂಟಿಕೊಳ್ಳುತ್ತದೆ. ಊರು, ವಯಸ್ಸು, ಸೆಕ್ಷನ್ ಮೂರನ್ನೂ ಒಟ್ಟಿಗೆ ಬರೆಯುವುದಿಲ್ಲ ಎಂದು ತೀರ್ಮಾನವಾಯಿತು. ಹೇಳುತ್ತಾ ಹೇಳುತ್ತಾ ಯಾರಾದರೂ ಅತ್ತರೆ ಪ್ರಶ್ನಾವಳಿ ಮುಚ್ಚಿಟ್ಟು ಸುಮ್ಮನೆ ಕೂರಬೇಕು, ಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಬರೆದುಕೊಡಬೇಕು ಎಂದೂ ಸೇರಿಸಿದೆವು.

ಸಮಿತಿಗಳ ಮೇಲಿನ ದೂರಿನಲ್ಲೂ ನ್ಯಾಯವಿದೆ. ಎರಡು ಮೂರು ತಿಂಗಳಿಗೊಮ್ಮೆ ಸಭೆ ಸೇರಿ, ಅಲ್ಪವಿರಾಮದ ತಪ್ಪಿಗೆ ಕಡತ ವಾಪಸ್ ಕಳಿಸಿದರೆ ಫೆಲೋಶಿಪ್ ಮುಗಿಯುತ್ತಾ ಬಂದ ವಿದ್ಯಾರ್ಥಿ ಏನು ಮಾಡಬೇಕು? ಅಪಾಯ ತೀರಾ ಕಡಿಮೆಯಿರುವ ಪ್ರಸ್ತಾವಗಳನ್ನು ಪೂರ್ಣ ಸಭೆಯಿಲ್ಲದೆ ಬೇಗ ಪರಿಶೀಲಿಸಲು ಮಾರ್ಗಸೂಚಿಯಲ್ಲೇ ದಾರಿ ಇದೆ, ಅದನ್ನು ನಾವು ಧಾರಾಳವಾಗಿ ಬಳಸಬೇಕು. ಆದರೆ ಮಾಹಿತಿಯೆಲ್ಲ ಕಲೆಹಾಕಿ ಆದಮೇಲೆ ‘ಜರ್ನಲ್‌ನವರು ಕೇಳ್ತಿದ್ದಾರೆ, ಹಿಂದಿನ ತಾರೀಖು ಹಾಕಿ ಒಂದು ಅನುಮತಿ ಲೆಟರ್ ಕೊಟ್ಟುಬಿಡಿ’ ಎಂಬ ಫೋನ್ ಬಂದರೆ ನನ್ನ ಉತ್ತರ ಒಂದೇ: ಆಗುವುದಿಲ್ಲ. ಮಾತಾಡಿ ಮುಗಿಸಿದವರ ಪರವಾಗಿ ಈಗ ನಾವು ಯಾವ ಪ್ರಶ್ನೆ ಕೇಳಲು ಸಾಧ್ಯ?

ಆ ವಿದ್ಯಾರ್ಥಿನಿ ಮ್ಯಾನೇಜರ್ ಕೊಡುತ್ತೇನೆಂದ ಲಿಸ್ಟನ್ನು ಬಿಟ್ಟಳು. ಸಂಜೆ ಶಿಫ್ಟ್ ಬಿಡುವಾಗ ಬಸ್ ಸ್ಟಾಪಿನಲ್ಲಿ ಪರಿಚಯ ಮಾಡಿಕೊಂಡು, ಭಾನುವಾರಗಳಲ್ಲಿ ಅವರು ಹೇಳಿದ ಕಡೆ ಹೋಗಿ ಮಾತಾಡಿದಳು. ಅಂದುಕೊಂಡಿದ್ದಕ್ಕಿಂತ ನಾಲ್ಕು ತಿಂಗಳು ಹೆಚ್ಚು ಹಿಡಿಯಿತು. ‘ಬೇಡ ಅಂದವರನ್ನೂ ಲೆಕ್ಕ ಇಡಿ’ ಎಂದು ಹೇಳಿ ಕಳಿಸಿದ್ದೆವು. ವರ್ಷದ ಪ್ರಗತಿ ವರದಿ ಬಂದಾಗ ನಾನು ಮೊದಲು ನೋಡಿದ್ದು ಆ ಲೆಕ್ಕವನ್ನು: ಒಂಬತ್ತು ಜನ ಬೇಡ ಎಂದಿದ್ದರು, ಇಬ್ಬರು ಮಧ್ಯದಲ್ಲೇ ಎದ್ದು ಹೋಗಿದ್ದರು. ಅವರಲ್ಲಿ ಒಬ್ಬರು ಹೋಗುವಾಗ, ‘ನಿನ್ನ ಓದು ಚೆನ್ನಾಗಿ ಆಗಲಮ್ಮ, ನನಗೆ ಮಾತ್ರ ಇದೆಲ್ಲ ಹೇಳಕ್ಕೆ ಆಗಲ್ಲ’ ಎಂದರಂತೆ.